ಕಾಡಲ್ಲಿ ನೇತಾಡೋ ಕಿಟಕಿ ನೋಡೋಕೆ ಹೊರಟೋರಿಗೆ

ಹೋದ ಸಂಚಿಕೇಲಿ ಇಂಗ್ಲೆಂಡಿನ ಫಾರೆಸ್ಟ್ ಆಫ್ ಡೀನ್ ಕಾಡಲ್ಲಿ ಮರಗಳ ಮಧ್ಯೆ ಬಣ್ಣದ ಗಾಜಿನ ಕಿಟಕಿಯೊಂದು ನೇತಾಡ್ತಾ ಇದೆ ಅಂತ ಒಂದೇ ಒಂದು ಸಾಲು ಬರೆದಿದ್ದೆ. ಅದಕ್ಕೆ ಬಂದಷ್ಟು ಪತ್ರ ವೀಸಾ ವಿಚಾರಕ್ಕೂ ಬಂದಿರ್ಲಿಲ್ಲ! ಆ ಕಿಟಕಿ ಅಲ್ಲಿನ ಕಾಲುದಾರಿ ಉದ್ದಕ್ಕೂ ಕಲಾವಿದರು ಮಾಡಿಟ್ಟಿರೋ ಶಿಲ್ಪಗಳಲ್ಲಿ ಒಂದು, ಅದಕ್ಕೇ ಈ ಸಲದ ಪುಟ ಪೂರ್ತಿ ಆ ಕಾಡಿಗೇ ಮೀಸಲು. ನಾನಿರೋದು ಬ್ರಿಸ್ಟಲ್‌ನಲ್ಲಿ, ಇಲ್ಲಿಂದ ಕಾರಲ್ಲಿ ಸುಮಾರು ಒಂದು ಗಂಟೆ ದಾರಿ, ಊರಿಂದ ಯಾರೇ ಬಂದ್ರೂ ಅಲ್ಲಿಗೆ ಕರ್ಕೊಂಡು ಹೋಗೋದು ನಮ್ಮನೇಲಿ ರೂಢಿ ಆಗ್ಬಿಟ್ಟಿದೆ.

ಮಗ ಬ್ರಿಸ್ಟಲ್‌ನಲ್ಲೇ ಇದ್ದಾನೆ, ಮೇ ತಿಂಗಳಲ್ಲಿ ನಾವಿಬ್ರೂ ಬರ್ತಾ ಇದೀವಿ. ನಂಗೆ ಮಂಡಿನೋವು, ಸೀರೆ ಬಿಟ್ಟು ಬೇರೆ ಹಾಕಿ ಅಭ್ಯಾಸ ಇಲ್ಲ. ಆ ಕಾಡಲ್ಲಿ ನಡೆಯೋಕಾಗುತ್ತಾ? ಟಿಕೆಟ್ ಎಷ್ಟು?
— ದಾವಣಗೆರೆಯ ಒಬ್ಬ ಅಮ್ಮ

ಅಮ್ಮಾ, ಟಿಕೆಟ್ಟೇ ಇಲ್ಲ. ಕಾರ್ ನಿಲ್ಸೋದಕ್ಕೆ ಮಾತ್ರ ದುಡ್ಡು ಕಟ್ಬೇಕು. ಕೋಲ್‌ಫರ್ಡ್ ಮತ್ತೆ ಸಿಂಡರ್‌ಫರ್ಡ್ ಅನ್ನೋ ಎರಡು ಊರಿನ ಮಧ್ಯೆ ಬೀಚನ್‌ಹರ್ಸ್ಟ್ ಅಂತ ಜಾಗ ಇದೆ, ಮಗನಿಗೆ ಆ ಹೆಸರು ಹೇಳಿ ಸಾಕು, ಶಿಲ್ಪಗಳ ಕಾಲುದಾರಿ ಶುರುವಾಗೋದು ಅಲ್ಲಿಂದ. ಪೂರ್ತಿ ಸುತ್ತು ಹಾಕಿದ್ರೆ ನಾಲ್ಕೂವರೆ ಮೈಲಿ, ಅಂದ್ರೆ ಏಳು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟನ್ನ ನೀವು ಮಾಡೋಕೆ ಹೋಗ್ಬೇಡಿ. ಮಧ್ಯದಲ್ಲಿ ಶಾರ್ಟ್‌ಕಟ್ ಇದೆ, ಮ್ಯಾಪಲ್ಲಿ ಗುರುತು ಹಾಕಿರ್ತಾರೆ, ಕಿಟಕಿ ಎಲ್ಲಿದೆ ಅಂತ ಮೊದ್ಲೇ ನೋಡ್ಕೊಂಡು ಅದರ ಜೊತೆ ಇನ್ನೊಂದೆರಡು ಸೇರಿಸ್ಕೊಂಡು ವಾಪಸ್ ಬಂದ್ಬಿಡಿ. ದಾರಿ ಏರಿಳಿತದ್ದು, ಮಳೆ ಬಂದ ಮೇಲೆ ಕೆಲವು ಕಡೆ ಕೆಸರು. ನಮ್ಮಮ್ಮ ಮೊದಲ ಸಲ ಬಂದಾಗ ಹೊಸ ಮೈಸೂರು ಸಿಲ್ಕ್ ಉಟ್ಕೊಂಡು ಬಂದ್ರು, ಫೋಟೋ ಚೆನ್ನಾಗಿ ಬರ್ಲಿ ಅಂತ! ಅರ್ಧ ಗಂಟೇಲಿ ಅಂಚು ಪೂರ್ತಿ ಕೆಂಪು ಕೆಸರು. ಎರಡನೇ ಸಲ ಹಳೇ ಕಾಟನ್ ಸೀರೆ, ನಾಲ್ಕು ಬೆರಳು ಎತ್ತಿ ಕಟ್ಟಿ ಎರಡು ಪಿನ್ನು, ಕಾಲಿಗೆ ಎರಡು ಜೊತೆ ಸಾಕ್ಸ್ ಹಾಕಿ ನನ್ನ ಶೂ. ಅವತ್ತು ನನಗಿಂತ ಮುಂದೆ ಅವ್ರೇ ಇದ್ರು.

ಟಾಯ್ಲೆಟ್ ಇರೋದು ಬೀಚನ್‌ಹರ್ಸ್ಟಲ್ಲಿ ಮಾತ್ರ, ಕಾಡೊಳಗೆ ಏನೂ ಇಲ್ಲ, ಹೊರಡೋ ಮುಂಚೆ ಮುಗಿಸ್ಕೊಳ್ಳಿ. ಕೆಫೆ ಇದೆ, ಆದ್ರೆ ಹೊರಗಡೆ ಮರದ ಬೆಂಚುಗಳಿವೆ ನೋಡಿ, ಅಲ್ಲಿ ಕೂತ್ಕೊಂಡು ಚಿತ್ರಾನ್ನ ಮೊಸರನ್ನ ತಿನ್ನೋ ಸುಖಾನೇ ಬೇರೆ. ಮೇ ಶುರುವಲ್ಲೇ ಬಂದ್ರೆ ಮರದ ಬುಡದಲ್ಲೆಲ್ಲ ನೀಲಿ ಬ್ಲೂಬೆಲ್ ಹೂ ಹಾಸಿರುತ್ತೆ, ತುಳೀಬೇಡಿ ಅಷ್ಟೆ.

ಕಾಡು ಅಂದ್ರಲ್ಲ, ಇಂಬಳ ಇದ್ಯಾ? ಪ್ರಾಣಿಗಳು?
— ತೀರ್ಥಹಳ್ಳಿ ಕಡೆಯ ಓದುಗರು

ನಿಮ್ಮ ಮೊದಲ ಪ್ರಶ್ನೆ ಇದೇ ಆಗಿರುತ್ತೆ ಅಂತ ಗೊತ್ತಿತ್ತು. ನಮ್ಮ ಆಗುಂಬೆ ಥರ ಸಾಕ್ಸ್ ಒಳಗೆ ನುಗ್ಗೋ ಇಂಬಳ ಇಲ್ಲ, ಸುಣ್ಣ ಹೊಗೆಸೊಪ್ಪು ಹೊತ್ಕೊಂಡು ಬರ್ಬೇಡಿ. ಆದ್ರೆ ಉಣುಗು ಇದೆ, ಮತ್ತೆ ಮಂಗನ ಕಾಯಿಲೆ ನೋಡಿರೋ ನಿಮಗೆ ಉಣುಗಿನ ಬಗ್ಗೆ ನಾನು ಪಾಠ ಹೇಳೋದು ಬೇಕಿಲ್ಲ. ಇಲ್ಲಿ ಅದರಿಂದ ಬರೋದು ಲೈಮ್ ಅನ್ನೋ ಬೇರೆ ಕಾಯಿಲೆ. ಜರಿಗಿಡದ ಪೊದೆಯೊಳಗೆ ನುಗ್ಗಬೇಡಿ, ಪ್ಯಾಂಟನ್ನ ಸಾಕ್ಸ್ ಒಳಗೆ ಸಿಕ್ಕಿಸ್ಕೊಳ್ಳಿ, ಮನೆಗೆ ಬಂದು ಮಂಡಿ ಹಿಂದೆ, ತೊಡೆ ಸಂದೀಲಿ ಒಂದ್ಸಲ ನೋಡ್ಕೊಳ್ಳಿ.

ಪ್ರಾಣಿ ಅಂದ್ರೆ ಜಿಂಕೆ ಇದೆ, ಕಾಡುಹಂದಿ ಇದೆ. ಈ ದೇಶದಲ್ಲಿ ಕಾಡುಹಂದಿ ಸಂತತಿ ಯಾವತ್ತೋ ಮುಗಿದುಹೋಗಿತ್ತಂತೆ, ಸಾಕಣೆಯಿಂದ ತಪ್ಪಿಸ್ಕೊಂಡಿದ್ದು, ಯಾರೋ ತಂದು ಬಿಟ್ಟಿದ್ದು ಎಲ್ಲ ಸೇರಿ ಈಗ ಡೀನ್ ಕಾಡಲ್ಲಿ ಮತ್ತೆ ಬೀಡುಬಿಟ್ಟಿವೆ. ನಾನು ಇಷ್ಟು ಸಲ ಹೋದ್ರೂ ಹಂದಿ ಕಂಡಿದ್ದು ಒಂದೇ ಸಲ, ದಾರಿ ಪಕ್ಕದ ಹುಲ್ಲನ್ನ ನೇಗಿಲು ಹೊಡೆದಂಗೆ ಕಿತ್ತು ಬಿಸಾಕಿರೋದು ಮಾತ್ರ ಪ್ರತಿ ಸಲವೂ ಕಾಣುತ್ತೆ. ಮರಿ ಜೊತೆ ಇದ್ರೆ ದೂರದಿಂದಲೇ ವಾಪಸ್ ತಿರುಗಿ, ಅಷ್ಟೆ.

ಏನ್ರಿ ಸರ, ಅಲ್ಲೊಂದು ರಾಕ್ಷಸನ ಕುರ್ಚಿ ಇತ್ತಂತ, ಅದನ್ನ ಸುಟ್ಟು ಇದ್ದಲಿ ಮಾಡಿಬಿಟ್ಟಾರಂತ ಗೆಳೆಯಾ ಹೇಳಿದಾ. ಖರೇನೇನ್ರಿ? ಕಲಾ ಅಂತ ಮಾಡೂದು, ಆಮ್ಯಾಲೆ ಸುಡೂದು, ಇದೇನ್ ಪದ್ಧತಿ?
— ಹುಬ್ಬಳ್ಳಿಯ ಎಂಜಿನಿಯರಿಂಗ್ ವಿದ್ಯಾರ್ಥಿ

ಖರೇನ. ನಂಗೂ ಕೇಳಿದಾಗ ಹೊಟ್ಟೆ ಉರೀತು, ಯಾಕಂದ್ರೆ ಆ ಕುರ್ಚಿ ಮುಂದೆ ನಮ್ಮದೊಂದು ಫ್ಯಾಮಿಲಿ ಫೋಟೋ ಇದೆ, ನಾವೆಲ್ಲ ಅದರ ಕಾಲ ಬುಡದಲ್ಲಿ ಇರುವೆ ಥರ ಕಾಣ್ತೀವಿ.

ಕಥೆ ಹೀಗೆ. 1986ರಲ್ಲಿ ಬ್ರಿಸ್ಟಲ್‌ನ ಆರ್ನಾಲ್ಫಿನಿ ಗ್ಯಾಲರಿ ಮತ್ತೆ ಅಲ್ಲಿನ ಅರಣ್ಯ ಇಲಾಖೆ, ಫಾರೆಸ್ಟ್ರಿ ಕಮಿಷನ್, ಇಬ್ಬರೂ ಸೇರ್ಕೊಂಡು ಈ ಟ್ರೇಲ್, ಅಂದ್ರೆ ಶಿಲ್ಪಗಳ ಕಾಲುದಾರಿ, ಶುರು ಮಾಡಿದ್ರು. ಎಲ್ಲೋ ಮಾಡಿಟ್ಟಿದ್ದ ಶಿಲ್ಪ ತಂದು ಕಾಡಲ್ಲಿ ನಿಲ್ಸೋದು ಅಲ್ಲ, ಕಲಾವಿದರು ಬಂದು ಕಾಡು ಸುತ್ತಿ, ಜಾಗ ಆರಿಸ್ಕೊಂಡು, ಆ ಜಾಗಕ್ಕೇ ಅಂತ ಮಾಡ್ಬೇಕು ಅನ್ನೋದು ಅವರ ಲೆಕ್ಕ. ಚೆಕ್ ಮೂಲದ ಮಗ್ದಲೇನಾ ಯೆಟೆಲೋವಾ ಅನ್ನೋ ಕಲಾವಿದೆ ಗುಡ್ಡದ ಮೇಲೆ, ಕೆಳಗೆ ಕಣಿವೆ ಪೂರ್ತಿ ಕಾಣೋ ಕಡೆ, ದೈತ್ಯ ಓಕ್ ದಿಮ್ಮಿಗಳಲ್ಲಿ ಒಂದು ಕುರ್ಚಿ ಎಬ್ಬಿಸಿದ್ರು. ಅವರು ಇಟ್ಟ ಹೆಸರು ‘ಪ್ಲೇಸ್’. ಆ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ, ಜನ ಕರೆದಿದ್ದು ಜೈಂಟ್ಸ್ ಚೇರ್ ಅಂತ. ಮೂವತ್ತು ವರ್ಷದ ಹತ್ರ ಮಳೆ, ಹಿಮ, ಗಾಳಿ ತಿಂದು ಮರ ಕೊಳೀತು, ನಿಲ್ಲಿಸಿ ಇಟ್ರೆ ಯಾರ ತಲೆ ಮೇಲಾದ್ರೂ ಬೀಳುತ್ತೆ ಅನ್ನೋ ಹಂತಕ್ಕೆ ಬಂತು, 2015ರಲ್ಲಿ ಇಳಿಸಿದ್ರು. ಇಳಿಸಿದ ಮರಾನ ಲಾರಿಗೆ ಹಾಕಿ ಎಲ್ಲೋ ಕಸಕ್ಕೆ ಸುರಿಯಲಿಲ್ಲ, ಅಲ್ಲೇ ಇದ್ದಿಲು ಸುಟ್ರು. ಯಾಕೆ ಇದ್ದಿಲು ಅಂದ್ರೆ, ಈ ಕಾಡಲ್ಲಿ ಶತಮಾನಗಟ್ಟಲೆ ನಡೆದಿದ್ದೇ ಆ ಕಸುಬು, ಕಬ್ಬಿಣ ಕರಗಿಸೋಕೆ ಇದ್ದಿಲು ಬೇಕಿತ್ತು, ಇಲ್ಲಿ ಇದ್ದಿಲು ಸುಡೋರ ಗುಡ್ಡೆಗಳೇ ಇದ್ವು.

ಅದೇ ಇದ್ದಿಲ ಗುಡ್ಡೆ ನೆನಪಲ್ಲಿ ಡೇವಿಡ್ ನ್ಯಾಶ್ ಅನ್ನೋ ಕಲಾವಿದ 1986ರಲ್ಲೇ ‘ಬ್ಲ್ಯಾಕ್ ಡೋಮ್’ ಅಂತ ಮಾಡಿದ್ದ. ಲಾರ್ಚ್ ಮರದ ಒಂಬೈನೂರು ಗಳ, ತುದಿ ಸುಟ್ಟು ಕಪ್ಪು ಮಾಡಿ, ಉದ್ದ ಗಿಡ್ಡ ಹೊಂದಿಸಿ ಒತ್ತೊತ್ತಾಗಿ ನಿಲ್ಲಿಸಿದ ಒಂದು ತಗ್ಗು ಗುಮ್ಮಟ. ನಾನು ಮೊದಲ ಸಲ ನೋಡಿದಾಗ ಅದು ಇಲ್ಲೇ ಇದೆ ಅಂತ ಮ್ಯಾಪ್ ಹೇಳ್ತಾ ಇದೆ, ನಮಗೆ ಕಾಣ್ತಾ ಇಲ್ಲ, ಎರಡು ಸಲ ಅದರ ಪಕ್ಕದಲ್ಲೇ ಹಾದು ಹೋಗಿದ್ವಿ ಅಂತ ಆಮೇಲೆ ಗೊತ್ತಾಯ್ತು. ಬಗ್ಗಿ ನೋಡಿದ್ರೆ ಒಂದೊಂದು ಗಳದ ತಲೆಯೂ ಕುಳಿ ಬಿದ್ದು ಅದರಲ್ಲಿ ಮಳೆನೀರು, ನೀರಲ್ಲಿ ಎಲೆ, ಗಳ ಗಳದ ಸಂದೀಲಿ ಪಾಚಿ, ಪಾಚಿ ಮೇಲೆ ಕಿರುಬೆರಳಷ್ಟು ಜರಿಗಿಡ. ಬೆರಳಲ್ಲಿ ಒತ್ತಿದ್ರೆ ಹಳೇ ಬ್ರೆಡ್ ಥರ ಒಳಗೆ ಹೋಗುತ್ತೆ. ಕೊಳೀಲಿ ಅಂತಲೇ ಆತ ಮಾಡಿದ್ದು, ಜನ ಹತ್ತಿ ತುಳೀತಾರೆ, ಅಣಬೆ ಏಳುತ್ತೆ, ಕೊನೆಗೆ ಮಣ್ಣಿನ ದಿಬ್ಬ ಉಳಿಯುತ್ತೆ, ಅಲ್ಲಿಗೆ ಲೆಕ್ಕ ಚುಕ್ತಾ.

ನೀವು ಪದ್ಧತಿ ಅಂದ್ರಲ್ಲ, ನಮಗೇನೂ ಹೊಸದಲ್ಲ ಬಿಡಿ. ಗಣೇಶನ ಹಬ್ಬದಲ್ಲಿ ಎಷ್ಟು ಮುತುವರ್ಜಿಯಿಂದ ಕಣ್ಣು ಬರೆದು ಕೂರಿಸ್ತೀವಿ, ಆಮೇಲೆ ಬಾವಿಗೆ ಬಿಟ್ಟು ಬರ್ತೀವಿ, ಯಾವ ಮಗುವೂ ಯಾಕೆ ಹಾಳು ಮಾಡಿದ್ರಿ ಅಂತ ಕೇಳಲ್ಲ (ಕೇಳುತ್ತೆ, ಅಳುತ್ತೆ ಕೂಡ, ಆದ್ರೆ ಮುಂದಿನ ವರ್ಷ ಸರಿ ಹೋಗುತ್ತೆ). ವ್ಯತ್ಯಾಸ ಏನಂದ್ರೆ ನಾವು ಹತ್ತು ದಿನದಲ್ಲಿ ಮುಗಿಸೋದನ್ನ ಅವರು ಮೂವತ್ತು ವರ್ಷ ಎಳೆದಿದ್ದಾರೆ. ಆದ್ರೂ ಒಂದು ಮಾತು ಹೇಳ್ಬೇಕು, ಕುರ್ಚಿ ಹೋದ ಮೇಲೆ ಆ ಗುಡ್ಡ ಬೋಳು ಬೋಳು ಅನ್ಸುತ್ತೆ, ನಂಗಂತೂ ಇನ್ನೂ ಅಲ್ಲಿ ಏನೋ ಇರ್ಬೇಕಿತ್ತು ಅನ್ನಿಸೋದು ನಿಂತಿಲ್ಲ.

ನಾನು ಬೀಟೆ ಮರದಲ್ಲಿ ಇನ್‌ಲೇ ಕೆಲಸ ಮಾಡೋನು. ಅಲ್ಲಿ ಕೊಳೆಯದೇ ಉಳಿದಿರೋ ಮರದ ಕೆಲಸ ಏನಾದ್ರೂ ಇದ್ಯಾ? ಯಾವ ಮರ?
— ಮೈಸೂರಿನ ಕುಶಲಕರ್ಮಿ

ನಿಮ್ಮಂಥೋರಿಗೆ ಅಂತಲೇ ಒಂದಿದೆ. ಕೀರ್ ಸ್ಮಿತ್ ಅನ್ನೋರ ‘ಐರನ್ ರೋಡ್’, ಇದೂ 1986ರದ್ದೇ. ಈ ಕಾಡಲ್ಲಿ ಕಲ್ಲಿದ್ದಲು ಸಾಗಿಸೋಕೆ ರೈಲು ದಾರಿ ಇತ್ತು, ಹಳಿ ಕಿತ್ತು ಯಾವ ಕಾಲವಾಯ್ತೋ, ಈಗ ಅದು ಕಾಲುದಾರಿ. ಆ ದಾರಿಗೆ ಅಡ್ಡಡ್ಡ ಇಪ್ಪತ್ತು ಸ್ಲೀಪರ್ (ರೈಲು ಹಳಿ ಕೆಳಗೆ ಹಾಕೋ ಮರದ ತೊಲೆ) ಹಾಸಿ ಒಂದೊಂದರ ಮೇಲೂ ಒಂದೊಂದು ಉಬ್ಬು ಕೆತ್ತನೆ. ಮರ ಜಾರಾ ಅಂತ, ಪಶ್ಚಿಮ ಆಸ್ಟ್ರೇಲಿಯಾದ್ದು, ಕೆಂಪು ಬಣ್ಣ, ಕಬ್ಬಿಣದಂಥ ಮರ, ಗೆದ್ದಲು ನೀರು ಎರಡಕ್ಕೂ ಜಗ್ಗಲ್ಲ ಅಂತಲೇ ಅದನ್ನ ಸ್ಲೀಪರಿಗೆ ಬಳಸ್ತಾ ಇದ್ದಿದ್ದು. ಉಳಿ ಎಷ್ಟು ಸಲ ಮಸೆದಿರ್ಬೇಕು ಆ ಮನುಷ್ಯ ಅಂತ ನಿಮಗೆ ಅನ್ಸುತ್ತೆ ನೋಡಿ. ಪಾಚಿ ಹಿಡಿದು ಕೆತ್ತನೆಯ ತಗ್ಗೆಲ್ಲ ಹಸಿರು, ಉಬ್ಬಿದ ಕಡೆ ಮಾತ್ರ ಜನ ಕೈ ಆಡಿಸಿ ಆಡಿಸಿ ನುಣ್ಣಗಾಗಿ, ಹೊಳಪು ಕಪ್ಪು. ಆ ಹಸಿರು ಕಪ್ಪಿನ ಕಾಂಬಿನೇಶನ್ ಯಾವ ಪಾಲಿಶಲ್ಲೂ ಬರಲ್ಲ ಅಂತ ನನ್ನ ಅಭಿಪ್ರಾಯ, ನೀವು ಒಪ್ಪದಿದ್ರೆ ಬರೀರಿ. ಇಪ್ಪತ್ತನ್ನೂ ಒಂದೇ ಗುಕ್ಕಿಗೆ ನೋಡೋಕಾಗಲ್ಲ, ಒಂದಾದ ಮೇಲೆ ಒಂದು, ನಡ್ಕೊಂಡೇ ಓದ್ಬೇಕು.

ಇನ್ನೊಂದು ‘ರಾ’, ನೆವಿಲ್ ಗೇಬಿ, 2001. ಒಂದೇ ಒಂದು ಓಕ್ ಮರ ತಗೊಂಡು, ಬೊಡ್ಡೆ ಕೊಂಬೆ ಅಂತ ಆದಷ್ಟೂ ಎಲ್ಲಾನೂ ಚೌಕ ಚೌಕ ಕೊಯ್ದು, ಮತ್ತೆ ಒಟ್ಟಿ ಒಂದು ದೊಡ್ಡ ಘನಾಕಾರ ಮಾಡಿದ್ದಾನೆ. ಮರ ಅಂದ್ರೆ ನಾವು ನಿಂತಿರೋದನ್ನೇ ನೋಡಿರ್ತೀವಲ್ಲ, ಅದನ್ನ ಮಡಚಿ ಪೆಟ್ಟಿಗೆ ಮಾಡಿದ್ರೆ ಇಷ್ಟಾಗುತ್ತೆ ಅನ್ನೋದು ತಲೆಗೆ ಹೋಗೋಕೆ ಎರಡು ನಿಮಿಷ ಬೇಕಾಯ್ತು ನಂಗೆ.

ಇದು ಹುಟ್ಟು ಕಾಡಾ ಅಥವಾ ಇಲಾಖೆ ನೆಟ್ಟ ಪ್ಲಾಂಟೇಶನ್ನಾ? ಕಡಿತಲೆ ಈಗಲೂ ಇದ್ಯಾ?
— ಶಿರಸಿಯ ನಿವೃತ್ತ ಫಾರೆಸ್ಟರ್

ಎರಡೂ ಹೌದು ಸಾರ್. ನಾರ್ಮನ್ ರಾಜರ ಕಾಲಕ್ಕೇ, ಅಂದ್ರೆ ಸುಮಾರು ಒಂಬೈನೂರು ವರ್ಷದ ಹಿಂದೆಯೇ, ಇದು ರಾಜರ ಬೇಟೆ ಕಾಡು, ಆಮೇಲೆ ಹಡಗಿಗೆ ಓಕ್ ಕೊಟ್ಟಿದ್ದು ಇದೇ. 1802ರಲ್ಲಿ ನೆಲ್ಸನ್, ಅದೇ ಟ್ರಫಾಲ್ಗರ್ ಕಾಳಗದ ಅಡ್ಮಿರಲ್, ಇಲ್ಲಿಗೆ ಬಂದು ನೋಡಿ ನೌಕಾಪಡೆಗೆ ಬೇಕಾದ ಮರವೇ ಉಳಿದಿಲ್ಲವಲ್ಲ ಅಂತ ಬೇಜಾರು ಮಾಡ್ಕೊಂಡ, ಆಮೇಲೆ ಜೋರಾಗಿ ಓಕ್ ನೆಡಿಸಿದ್ರು. ಆ ಸಸಿ ಹಡಗಿಗಾಗೋಷ್ಟು ದಪ್ಪ ಆಗೋ ಹೊತ್ತಿಗೆ ಹಡಗೆಲ್ಲ ಕಬ್ಬಿಣದ್ದಾಗಿಬಿಟ್ಟಿತ್ತು! ನೂರು ವರ್ಷ ಮುಂದಿನ ಪ್ಲಾನ್ ಬರೆದ ಕಷ್ಟ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತೆ. ಈಗಲೂ ಇದು ಕೆಲಸ ಮಾಡೋ ಕಾಡು, ಟಿಂಬರ್ ತೆಗೀತಾರೆ, ಕಡಿತಲೆ ನಡೆಯೋವಾಗ ಟ್ರೇಲ್‌ನ ಒಂದು ಭಾಗ ಮುಚ್ಚಿ ಬೇರೆ ದಾರಿ ತೋರಿಸ್ತಾರೆ, ಹೋಗೋ ಮುಂಚೆ ವಿಚಾರಿಸಿದ್ರೆ ಒಳ್ಳೇದು.

ನಿಮಗೆ ಇಂಟ್ರೆಸ್ಟ್ ಆಗೋ ಇನ್ನೊಂದು ವಿಷಯ, ಇಲ್ಲಿ ಫ್ರೀಮೈನರ್ ಅಂತ ಹಕ್ಕುದಾರರಿದ್ದಾರೆ. ಸೇಂಟ್ ಬ್ರಿಯಾವೆಲ್ಸ್ ಅನ್ನೋ ಹೋಬಳಿ ಗಡಿಯೊಳಗೆ ಹುಟ್ಟಿರ್ಬೇಕು, ಇಪ್ಪತ್ತೊಂದು ತುಂಬಿರ್ಬೇಕು, ಅಲ್ಲಿನ ಗಣೀಲಿ ಒಂದು ವರ್ಷ ಒಂದು ದಿನ ಕೆಲಸ ಮಾಡಿರ್ಬೇಕು, ಅಂಥವರಿಗೆ ಗಣಿ ತೋಡೋ ಹಕ್ಕು ಉಂಟು. ನಮ್ಮ ಬೆಟ್ಟದ ಹಕ್ಕು (ಅಡಿಕೆ ತೋಟದೋರಿಗೆ ಪಕ್ಕದ ಕಾಡಿಂದ ಸೊಪ್ಪು ತರೋಕೆ ಇರೋ ಹಕ್ಕು) ಥರದ್ದೇ ಜಗ್ಗಾಟ ಅಲ್ಲೂ ಬೇಕಾದಷ್ಟು ನಡೆದಿದೆ. ಡೇವಿಡ್ ಕಾಟರೆಲ್ ಅನ್ನೋರು 2010ರಲ್ಲಿ ಮಾಡಿದ ‘ಹಿಲ್ 33’ ಅನ್ನೋ ಮೆಟ್ಟಿಲು ಮೆಟ್ಟಿಲು ಗುಡ್ಡ ಇದೆ, ಘಾಟಿ ರಸ್ತೇಲಿ ಗುಡ್ಡ ಜರೀದಂಗೆ ತಂತಿ ಬಲೆಗೆ ಕಲ್ಲು ತುಂಬಿ ಇಟ್ಟಿರ್ತಾರಲ್ಲ, ಅದೇ ಥರದ ಬಲೆಗೆ ಗಣಿಯಿಂದ ತೆಗೆದು ಬಿಸಾಕಿದ ಕಲ್ಲು ಮಣ್ಣು ತುಂಬಿ ಕಟ್ಟಿದ್ದು.

ಏಳು ವರ್ಷದವಳು, ಎರಡು ವರ್ಷದವನು. ಮ್ಯೂಸಿಯಂ ಅಂದ್ರೆ ಇಬ್ಬರೂ ಓಡಿಹೋಗ್ತಾರೆ. ಅಲ್ಲಿ ಮುಟ್ಟಬಾರದು ಹತ್ತಬಾರದು ಅಂತ ಗದರ್ತಾರಾ?
— ಮಿಲ್ಟನ್ ಕೀನ್ಸ್‌ನಿಂದ ಒಬ್ಬ ಅಪ್ಪ

ಗದರೋಕೆ ಅಲ್ಲಿ ಯಾರೂ ಇರಲ್ಲ. ಬಹಳಷ್ಟನ್ನ ಮುಟ್ಟಬಹುದು, ಕೆಲವು ಹಳೇದಾಗಿ ಅಪಾಯ ಇರೋ ಕಡೆ ಬೋರ್ಡ್ ಇರುತ್ತೆ, ಅದನ್ನ ಓದಿ ಕೇಳಿ. ಮೊದಲೇ ಶಿಲ್ಪ ಅಂತ ಹೇಳ್ಬೇಡಿ, ನಿಧಿ ಹುಡುಕೋಕೆ ಹೋಗ್ತಾ ಇದೀವಿ ಅನ್ನಿ. ನಮ್ಮ ಮಗಳಿಗೆ ನಾನು ಮಾಡಿದ್ದು ಇಷ್ಟೆ, ದಾರೀಲಿ ಬಿದ್ದಿರೋ ಪೈನ್ ಕಾಯಿ ಒಂದು, ಓಕ್ ಬೀಜದ ಪುಟ್ಟ ಬಟ್ಟಲು ಒಂದು ಆರಿಸಿ ಜೇಬಲ್ಲಿ ಇಟ್ಕೋ ಅಂದೆ. ಆಮೇಲೆ ಪೀಟರ್ ರ‍್ಯಾಂಡಲ್-ಪೇಜ್ ಅವರ ‘ಕೋನ್ ಅಂಡ್ ವೆಸಲ್’ (1988) ಹತ್ರ ಬಂದಾಗ ಜೇಬಿಂದ ತೆಗೆಸಿದೆ, ಅದೇ ಕಾಯಿ, ಅದೇ ಬಟ್ಟಲು, ಆದ್ರೆ ಕಲ್ಲಲ್ಲಿ, ಅವಳು ಒಳಗೆ ಕೂರಬಹುದು ಅನ್ನೋಷ್ಟು ದೊಡ್ಡದು! ಅವಳು ಹತ್ತು ನಿಮಿಷ ಚಿಕ್ಕದನ್ನ ಕಲ್ಲಿನ ಪಕ್ಕ ಇಟ್ಟು ಹೋಲಿಸ್ತಾನೇ ಇದ್ಲು. ಎರಡು ವರ್ಷದವನಿಗೆ ತಳ್ಳೋ ಗಾಡಿಗಿಂತ ಬೆನ್ನಿಗೆ ಕಟ್ಟೋ ಕ್ಯಾರಿಯರ್ ವಾಸಿ.

ಇಂಥದ್ದು ನಮ್ಮಲ್ಲಿ ಯಾಕಿಲ್ಲ?
— ಮಡಿಕೇರಿಯ ಓದುಗರು

ನೀವೇ ಕೇಳ್ತೀರಲ್ಲ, ನಿಮ್ಮಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡು ಇದೆ, ಅಯ್ಯಪ್ಪನ ಕಾಡಲ್ಲಿ ಹರಕೆ ಅಂತ ಒಪ್ಪಿಸಿದ ಮಣ್ಣಿನ ನಾಯಿಗಳನ್ನ ನೋಡಿಲ್ವಾ? ಕಿವಿ ಮುರಿದಿದ್ದು, ಬಾಲ ಹೋಗಿದ್ದು, ಅರ್ಧ ಮಣ್ಣಲ್ಲಿ ಹೂತಿದ್ದು, ಪಾಚಿ ಹಿಡಿದಿದ್ದು, ಅವುಗಳ ಮುಂದೆ ಈ ವರ್ಷದ ಹೊಸ ಕೆಂಪು ನಾಯಿ. ಅದು ಶಿಲ್ಪದ ಟ್ರೇಲ್ ಅಲ್ಲ, ಹರಕೆ, ಮ್ಯಾಪ್ ಹಿಡ್ಕೊಂಡು ಸೆಲ್ಫಿ ತೆಗೆಯೋ ಜಾಗ ಆಗೋದೂ ಬೇಡ. ಆದ್ರೆ ಬ್ಲ್ಯಾಕ್ ಡೋಮ್ ಮುಂದೆ ನಿಂತಾಗ ನಂಗೆ ಥಟ್ಟನೆ ನೆನಪಾಗಿದ್ದು ಆ ನಾಯಿಗಳೇ.

ಮ್ಯಾಂಚೆಸ್ಟರ್‌ನಿಂದ ಡೀನ್ ದೂರ. ಹತ್ತಿರ ಯಾವುದಾದ್ರೂ?
— ಒಬ್ಬ ಡಾಕ್ಟರ್, ಮ್ಯಾಂಚೆಸ್ಟರ್

ಗ್ರೈಜ್‌ಡೇಲ್, ಲೇಕ್ ಡಿಸ್ಟ್ರಿಕ್ಟ್ ಒಳಗೆ. ಅದು ಡೀನ್‌ಗಿಂತ ಹಳೇದು, 1977ರಿಂದ ನಡೀತಾ ಇದೆ. ಅಲ್ಲಿ ಆಂಡಿ ಗೋಲ್ಡ್ಸ್‌ವರ್ದಿಯ ಒಂದು ಗೋಡೆ ಇದೆ, 1990ರದ್ದು, ಗಾರೆ ಇಲ್ದೆ ಬರೀ ಕಲ್ಲು ಜೋಡಿಸಿದ ಗೋಡೆ ಮರಗಳನ್ನ ಬಳಸ್ಕೊಂಡು ಹಾವಿನ ಥರ ಹರಿದುಹೋಗುತ್ತೆ. ನಮ್ಮ ಕಡೆ ತೋಟದ ಪಾಗಾರ ನೋಡಿದೋರಿಗೆ ಅದರ ತುಂಟತನ ತಕ್ಷಣ ಅರ್ಥ ಆಗುತ್ತೆ, ಪಾಗಾರಕ್ಕೆ ಮರ ಅಡ್ಡ ಬಂದ್ರೆ ಕಡಿಯೋದು ಮರಾನ, ಇಲ್ಲಿ ಬಗ್ಗಿರೋದು ಪಾಗಾರ. ಜಾಗ ವಿಶಾಲ, ಶಿಲ್ಪಗಳು ದೂರ ದೂರ, ಒಂದೇ ದಿನ ಎಲ್ಲ ಮುಗಿಸ್ತೀನಿ ಅನ್ಕೋಬೇಡಿ.

ಹೋಗಿ ಬಂದ್ವಿ! ಆದ್ರೆ ಕಿಟಕಿ ಫೋಟೋದಲ್ಲಿ ಬರೀ ಕಪ್ಪು ಚೌಕ ಬಂದಿದೆ. ಏನ್ ತಪ್ಪಾಯ್ತು?
— ಸ್ವಿಂಡನ್‌ನಿಂದ ಒಬ್ಬ ಸೊಸೆ, ಅತ್ತೆಯ ಪರವಾಗಿ

ತಪ್ಪು ನಿಮ್ಮದಲ್ಲ, ಬೆಳಕಿನದು. ಅದು ಕೆವಿನ್ ಆಥರ್ಟನ್ ಮಾಡಿದ ‘ಕೆಥೀಡ್ರಲ್’, ಹದಿನೈದಡಿ ಎತ್ತರ ಹತ್ತಡಿ ಅಗಲ, ದಾರಿಗಿಂತ ಎಷ್ಟೋ ಮೇಲೆ ಮರಗಳಿಗೆ ತೂಗುಹಾಕಿದ್ದು. ಚರ್ಚ್ ಕಿಟಕಿ ಥರ ಅದಕ್ಕೂ ಹಿಂದಿನಿಂದ ಬೆಳಕು ಬಂದ್ರೇನೇ ಬಣ್ಣ, ನೀವು ಬಿಸಿಲಿರೋ ಬದಿ ನಿಂತು ತೆಗೆದ್ರೆ ಮಬ್ಬು ಗಾಜೇ ಕಾಣೋದು. ಚರ್ಚಲ್ಲಾದ್ರೆ ಒಂದೇ ಕಡೆ ನಿಲ್ಲಬಹುದು, ಇಲ್ಲಿ ಗೋಡೆಯೇ ಇಲ್ವಲ್ಲ, ಅದರ ಕೆಳಗೆ ದಾಟಿ ಆಚೆ ಕಡೆ ಹೋಗಿ ತಿರುಗಿ ನೋಡಿ, ಬಿಸಿಲು ಯಾವ ಕಡೆ ಇದೆಯೋ ಅದಕ್ಕೆ ಎದುರು ಬದಿ. ಮೊಬೈಲಲ್ಲಿ ಗಾಜಿನ ಮೇಲೇ ಬೆರಳಿಟ್ಟು ಫೋಕಸ್ ಮಾಡಿ, ಆಗ ಸುತ್ತಲಿನ ಮರ ಕಪ್ಪಾದ್ರೂ ಗಾಜು ಬೆಳಗುತ್ತೆ. ನಮ್ಮಮ್ಮ ಅದರ ಕೆಳಗೆ ನಿಂತು ಇದು ಯಾವ ದೇವರದ್ದು ಅಂತ ಕೇಳಿದ್ರು, ಗಾಜಲ್ಲಿ ಇರೋದು ಕಾಡೇ ಅಮ್ಮ ಅಂದೆ, ಇಷ್ಟು ಕಾಡು ಇಟ್ಕೊಂಡು ಮತ್ತೆ ಗಾಜಲ್ಲಿ ಬೇರೆ ಯಾಕೆ ಅಂದ್ರು. ಹೇಳಿ ಮುಗಿಸೋ ಅಷ್ಟರಲ್ಲಿ ಮೋಡ ಸರೀತು, ಅವ್ರು ಸುಮ್ಮನೆ ಮೇಲೆ ನೋಡ್ತಾ ನಿಂತ್ರು, ಕತ್ತು ನೋಯೋವರೆಗೂ. ಅತ್ತೆಯವರಿಗೆ ಹೇಳಿ, ಚಳಿಗಾಲದಲ್ಲಿ ಎಲೆ ಉದುರಿದ ಮೇಲೆ ಇನ್ನೊಂದ್ಸಲ ಹೋಗಿ, ಬೆಳಕು ತಡೆಯೋಕೆ ಎಲೆ ಕಮ್ಮಿ ಇರುತ್ತೆ, ಆದ್ರೆ ನಾಲ್ಕು ಗಂಟೆಗೇ ಕತ್ತಲಾಗುತ್ತೆ, ಊಟ ಆದ್ಮೇಲೆ ಹೊರಡೋಣ ಅಂತ ಕೂತ್ಕೋಬೇಡಿ.